ಖಾಲಿ ಬಿಟ್ಟ ನಾಲ್ಕು ಸಾಲು

ಆ ಶಿಬಿರದ ಮಾತು ಬಂದಾಗಲೆಲ್ಲ ಜೊತೆಯವರು "ಅವತ್ತು ನಾವೆಲ್ಲಾ ಹಾಡಿದ್ವಿ" ಎನ್ನುತ್ತಾರೆ. ಎಲ್ಲರೂ ಹಾಡಲಿಲ್ಲ. ನಾನು ಮುಂದಿನ ಸಾಲಿನ ಎಡತುದಿಯಲ್ಲಿದ್ದೆ, ನೋಡಿದ್ದೇನೆ. ನೆನಪಿದ್ದಷ್ಟನ್ನೇ ಬರೆಯುತ್ತೇನೆ.

ತೊಂಬತ್ತರ ದಶಕದ ಒಂದು ಏಪ್ರಿಲ್. ಒಂಟಿಕೊಪ್ಪಲಿನ ಶಾಲೆಯೊಂದರಲ್ಲಿ ಬೇಸಿಗೆ ಶಿಬಿರ. ನಾನು ಕುಂಬಾರಕೊಪ್ಪಲಿನಿಂದ ನಡೆದೇ ಹೋಗುತ್ತಿದ್ದೆ. ಬೆಳಿಗ್ಗೆ ಕಾಗದದ ಮುಖವಾಡ, ಆಮೇಲೆ ಉಪ್ಪಿಟ್ಟು, ಅದಾದ ಮೇಲೆ ಹಾಡು. ಹಾರ್ಮೋನಿಯಂ ಮುಂದೆ ಮೇಷ್ಟ್ರು ಕೂತರೆ ಗಲಾಟೆ ತಾನಾಗಿ ನಿಲ್ಲುತ್ತಿತ್ತು. ಕೂತು ಎದ್ದು ಹಾಡುವ ಬಸ್ಸಿನ ಹಾಡು, ಬಾಯಿ ಮುಚ್ಚಿ ಗುನುಗುವ ದುಂಬಿಯ ಹಾಡು. ಎರಡೂ ನನಗೆ ಇವತ್ತಿಗೂ ಪೂರ್ತಿ ಬರುತ್ತವೆ.

ಕೊನೆಯ ದಿನಕ್ಕೆಂದು ಮೇಷ್ಟ್ರು ಹೊಸ ಹಾಡು ಕಟ್ಟಿಸಿದರು. ಪಲ್ಲವಿ ಅವರದು, ಚರಣಗಳು ನಮ್ಮವು. ಒಂದೊಂದು ಬಡಾವಣೆಗೆ ಒಂದು ಚರಣ. ಒಂಟಿಕೊಪ್ಪಲಿನ ಕನ್ನಡಕದ ಹುಡುಗಿ ಸಂಪಿಗೆ ಮರದ ಮೇಲೆ ಬರೆದಳು. ರಾಮಕೃಷ್ಣನಗರದ ಅಣ್ಣ ತಮ್ಮ ಸೇರಿ ಗಾಳಿಪಟದ ಮೇಲೆ ಬರೆದರು. ನಾನು ಬರೆದದ್ದು ಇದು:

ನಮ್ಮ ಬೀದಿ ನಲ್ಲಿಗೆ ನಾಕು ದಿನದ ನಿದ್ದೆ,
ಸಾಲಿನಲ್ಲಿ ಬಿಂದಿಗೆ, ಸಾಲಿನಲ್ಲಿ ನಾನಿದ್ದೆ.
ಬಂತು ಬಂತು ಎಂದರು, ಓಡಿ ಹೋಗಿ ನೋಡಿದೆ,
ಬುಸ್ಸು ಬುಸ್ಸು ಗಾಳಿ ಬಂತು, ನೀರು ಎಲ್ಲಿ ಹೋಗಿದೆ?

ಮೇಷ್ಟ್ರು ನಕ್ಕರು. ಚರಣ ಬರೆದಿದ್ದೇನೆಂದು ಅಮ್ಮನಿಗೆ ಹೇಳಿದೆ, ಹಾಡಿ ತೋರಿಸಲಿಲ್ಲ. "ಅಲ್ಲಿಗೇ ಬಾ, ಅಲ್ಲೇ ಕೇಳು" ಎಂದೆ. ಅಮ್ಮ ಅಂಥ ಕಡೆಗೆಲ್ಲ ಬರುವವಳಲ್ಲ. ಬರುತ್ತೇನೆಂದಳು.

ಕೊನೆಯ ದಿನದ ಕಾರ್ಯಕ್ರಮಕ್ಕೆ ಎರಡು ದಿನ ಮೊದಲು ಶಿಬಿರದ ಮುಖ್ಯಸ್ಥರು ನನ್ನನ್ನು ಕರೆದರು.

"ನಲ್ಲಿ ಚರಣ ಬ್ಯಾಡ ಕಣಮ್ಮ. ದಿನಾ ಉಪ್ಪಿಟ್ಟು ಕೊಡ್ಸ್ತಿರೋ ವಾರ್ಡಿನ ಮೆಂಬರ್ರೇ ಅವತ್ತು ಅತಿಥಿ."

"ನೀರು ಬರಲ್ವಲ್ಲ ಸಾರ್?"

"ಬರಲ್ಲ ಅಂತ ಹಾಡ್ಬೇಕಾ? ಹೂವು, ಹಕ್ಕಿ, ಏನಾದ್ರೂ ಬರ್ಕೊಂಡು ಬಾ."

ನಾನು ಬರೆದುಕೊಂಡು ಹೋಗಲಿಲ್ಲ.

ಹಾಡಿನ ಪುಸ್ತಕವನ್ನು ಸೈಕ್ಲೋಸ್ಟೈಲ್ ಮಾಡಿಸುತ್ತಿದ್ದರು. ಮೇಣದ ಅಚ್ಚಿನ ಹಾಳೆಯ ಮೇಲೆ ಅಕ್ಷರಗಳನ್ನು ಆಗಲೇ ಕೊರೆದಾಗಿತ್ತು. ನನ್ನ ಚರಣದ ಮೇಲೆ ತಪ್ಪು ಮುಚ್ಚುವ ಕೆಂಪು ದ್ರವ ಬಳಿದು ಮುಚ್ಚಿದರು. ಹಾಗಾಗಿ ಪುಸ್ತಕ ಬಂದಾಗ ಮೂರನೇ ಮತ್ತು ಐದನೇ ಚರಣದ ನಡುವೆ ಬಿಳಿ ಜಾಗವಿತ್ತು. ಬೆರಳಿಟ್ಟು ಅಳೆದೆ. ಸರಿಯಾಗಿ ನಾಲ್ಕು ಸಾಲು.

ನನಗೆ ಅಳು ಬಂತು. ಕನ್ನಡಕದ ಹುಡುಗಿ ಇಣುಕಿ ನೋಡಿ, "ಜಾಗ ಬಿಟ್ಟವ್ರಲ್ಲೇ! ಬರ್ದ್ಬುಡು, ಅಳ್ತೀಯಾಕೆ?" ಎಂದಳು. ಕಾರ್ಯಕ್ರಮಕ್ಕೆ ಮುಂಚೆ ಮೆಟ್ಟಿಲ ಮೇಲೆ ಕೂತು, ಕೈಗೆ ಸಿಕ್ಕ ಪುಸ್ತಕಗಳಲ್ಲೆಲ್ಲ ಇಬ್ಬರೂ ಪೆನ್ಸಿಲಿನಲ್ಲಿ ತುಂಬಿದೆವು. ನನ್ನ ಅಕ್ಷರ ನಡುಗಿತ್ತು. ಆ ಪುಸ್ತಕಗಳಲ್ಲೊಂದು ನನ್ನ ಹತ್ತಿರ ಇದೆ, ಈಗಲೂ ಕಾಣುತ್ತದೆ.

ಹಾಡು ಶುರುವಾದಾಗ ಅಮ್ಮ ಬಾಗಿಲ ಪಕ್ಕ ನಿಂತಿದ್ದಳು. ಮೂರನೇ ಚರಣ ಮುಗಿಯಿತು. ಮೇಷ್ಟ್ರು ಐದನೆಯದಕ್ಕೆ ತಲೆಯಾಡಿಸುವಷ್ಟರಲ್ಲಿ ನಾನು "ನಮ್ಮ ಬೀದಿ" ಎಂದು ಎತ್ತಿದೆ. ಮೊದಲ ಸಾಲಿಗೆ ನಾನೊಬ್ಬಳೇ. ಎರಡನೇ ಸಾಲಿಗೆ ಕನ್ನಡಕದ ಹುಡುಗಿ ಸೇರಿದಳು, ಮೂರನೆಯದಕ್ಕೆ ಗಾಳಿಪಟದ ಅಣ್ಣ ತಮ್ಮ. ಅಷ್ಟೇ, ನಾಲ್ಕು ಜನ. ಮಿಕ್ಕವರು ಪುಸ್ತಕ ನೋಡುತ್ತಿದ್ದರು. ಮೇಷ್ಟ್ರ ಬಲಗೈ ಹಾರ್ಮೋನಿಯಂ ಮನೆಗಳ ಮೇಲಿಂದ ಎದ್ದಿತ್ತು, ಆದರೆ ಒಂದು ಬೆರಳು ಷಡ್ಜದ ಮೇಲೇ ಉಳಿದಿತ್ತು. ಎಡಗೈ ತಿದಿ ಒತ್ತುತ್ತಲೇ ಇತ್ತು. ಬೇಕೆಂದೇ ಹಾಗೆ ಮಾಡಿದರೋ, ನನಗೆ ಗೊತ್ತಿಲ್ಲ. ಶ್ರುತಿಯಂತೂ ನಿಲ್ಲಲಿಲ್ಲ. ಅತಿಥಿಗಳು ಗಡಿಯಾರ ನೋಡಿಕೊಂಡರು.

ಮುಖ್ಯಸ್ಥರು ಆಮೇಲೆ ಹಿಡಿದು ನಿಲ್ಲಿಸಿದರು. "ಬ್ಯಾಡ ಅಂದಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು ಸಾರ್," ಎಂದೆ. ತಪ್ಪಾಯಿತು ಎನ್ನಲಿಲ್ಲ. ಪ್ರಮಾಣಪತ್ರ ಕೊಡುವಾಗ ನನ್ನ ಹೆಸರು ಕೂಗಲಿಲ್ಲ.

ವಾಪಸ್ಸು ನಡೆಯುವಾಗ ಅಮ್ಮ ಮುಂದೆ ಮುಂದೆ ಹೆಜ್ಜೆ ಹಾಕಿದಳು. ಬೈಯುತ್ತಾಳೆಂದುಕೊಂಡೆ. ನಮ್ಮ ಬೀದಿಯ ತಿರುವಿನಲ್ಲಿ ನಿಂತಳು.

"ಗಾಳಿ ಬಂತು ಅಂದಿದ್ದು ಸರಿಯಾಗೇ ಅದೆ. ಆದ್ರೆ ನಾಕು ದಿನ ಎಲ್ಲಿ ಆಯ್ತೇ? ಐದು ಕಣೇ, ಐದು. ಹಾಡೋದಾದ್ರೆ ಸರಿಯಾಗಿ ಹಾಡು."

ಮನೆಗೆ ಹೋದವಳೇ ಪುಸ್ತಕ ತೆಗೆದು "ನಾಕು" ಹೊಡೆದುಹಾಕಿ "ಐದು" ಎಂದು ಬರೆದೆ. ಆ ಅಕ್ಷರ ನಡುಗಿಲ್ಲ.