ವಸಂತಕ್ಕನ ಅಡಿಸ್ ಅಬಾಬಾ

ನಮ್ಮ ಕಂಪನಿಯಿಂದ ಅಡಿಸ್ ಅಬಾಬಾಕ್ಕೆ ಹೊರಟವರು ಎಷ್ಟೇ ದೊಡ್ಡ ಇಂಜಿನಿಯರ್ ಆಗಿರಲಿ, ವಸಂತಕ್ಕನ ಮೇಜಿನ ಮುಂದೆ ಪರೀಕ್ಷೆ ಕೊಡದೆ ಟಿಕೆಟಿನ ಲಕೋಟೆ ಕೈಗೆ ಸಿಗುತ್ತಿರಲಿಲ್ಲ. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿನಿಂದ ನೋಡುತ್ತ ಅವರು ಕೇಳುತ್ತಿದ್ದರು: “ಅಲ್ಲಿಯ ಡ್ರೈವರ್ ಮೂರು ಗಂಟೆಗೆ ಬರ್ತೇನೆ ಅಂದ. ನೀವು ಎಷ್ಟು ಗಂಟೆಗೆ ಬಾಗಿಲಲ್ಲಿ ನಿಲ್ಬೇಕು?” ಬೆಳಿಗ್ಗೆ ಒಂಬತ್ತಕ್ಕೆ ಎಂದವರಿಗೆ ಲಕೋಟೆ. ತಡವರಿಸಿದವರಿಗೆ, “ಕೂತ್ಕೊಳ್ಳಿ ಮಾರಾಯ್ರೆ, ನಾನು ಕೊಟ್ಟ ಹಾಳೆ ಇನ್ನೊಮ್ಮೆ ಓದಿ.”

ಹೀಗೆ ಪರೀಕ್ಷೆ ನಡೆಸುತ್ತಿದ್ದ ವಸಂತಕ್ಕ ಆ ಊರನ್ನು ಕಣ್ಣಾರೆ ಕಂಡವರಲ್ಲ. ಮೂಲ್ಕಿ ಕಡೆಯವರು, ಮದುವೆಯಾಗಿ ಮಸ್ಕತ್ತಿಗೆ ಬಂದವರು. ಅಲ್ಲಿನ ಘಾಲಾ ಎಂಬ ಬಡಾವಣೆಯ ಗ್ಯಾರೇಜುಗಳ ಸಾಲಿನ ನಡುವೆ ನಮ್ಮ ಜನರೇಟರ್ ಕಂಪನಿಯ ವರ್ಕ್‌ಶಾಪ್. ಅದರ ಮಹಡಿಯ ಮೇಲೆ ಟಿಕೆಟ್, ವೀಸಾ, ಹೋಟೆಲು ನೋಡಿಕೊಳ್ಳುವ ಕೆಲಸ ಅವರದು. ಕೆಳಗೆ ಗ್ರೈಂಡರ್ ಎಷ್ಟೇ ಕಿರುಚಲಿ, ಅವರ ದನಿ ಏರುತ್ತಿರಲಿಲ್ಲ. ಹತ್ತಿರ ಬಂದು ಕೇಳಿಸಿಕೊಳ್ಳುವ ಕೆಲಸ ನಮ್ಮದು.

ಆ ಪರೀಕ್ಷೆ ಶುರುವಾಗಲು ಕಾರಣ ನಾನೇ. ಇಥಿಯೋಪಿಯಾದ ಕೆಲಸ ಕಂಪನಿಗೆ ಹೊಸದಾಗಿ ಬಂದಾಗ ಮೊದಲು ಹೋದವನು ನಾನು. ಅಲ್ಲಿನ ಒಂದು ಆಸ್ಪತ್ರೆಯ ಜನರೇಟರ್ ರಿಪೇರಿ. ಎಂಟು ಗಂಟೆಗೆ ಬರಲು ಡ್ರೈವರ್‌ಗೆ ಹೇಳಿ, ಬೆಳಿಗ್ಗೆಯೇ ಉಪಕರಣಗಳ ಪೆಟ್ಟಿಗೆ ಹಿಡಿದು ಹೋಟೆಲಿನ ಬಾಗಿಲಲ್ಲಿ ನಿಂತೆ. ಅವನು ಬಂದದ್ದು ಮಧ್ಯಾಹ್ನ ಎರಡಕ್ಕೆ, ನಗುನಗುತ್ತ. ಬೀದಿಯಲ್ಲೇ ಅವನ ಮೇಲೆ ಕೂಗಾಡಿದೆ. ಆಸ್ಪತ್ರೆಯಲ್ಲಿ ಅಂದು ಆಗಬೇಕಿದ್ದ ಎರಡು ಆಪರೇಷನ್‌ಗಳು ಮರುದಿನಕ್ಕೆ ಹೋದವು.

ಘಾಲಾಕ್ಕೆ ಮರಳಿದವನೇ ವಸಂತಕ್ಕನ ಮುಂದೆ ನನ್ನ ಬಾಗಲಕೋಟೆ ಬಾಯಿ ಬಿಟ್ಟೆ. “ಎಂಟಕ್ಕ ಬಾ ಅಂದ್ರ ಎರಡಕ್ಕ ಬರ್ತಾನ್ರೀ ಅಕ್ಕಾರ! ಇಂಥಾ ಮಂದಿ ಜೋಡಿ ಕೆಲಸ ಹ್ಯಾಂಗ ಮಾಡೂದು?”

ಅವರು ಬರೆಯುತ್ತಿದ್ದುದನ್ನು ನಿಲ್ಲಿಸಿದರು. “ಸರಿಯಾಗಿ ಎರಡಕ್ಕಾ ಪಾಟೀಲ್ರೆ?”

“ಹೌದ್ರೀ. ಒಂದು ನಿಮಿಷ ಆಚೀಚೆ ಇಲ್ಲ.”

“ಹಾಗಾದ್ರೆ ಅವ ತಡ ಮಾಡಿದ್ದಲ್ಲ. ಸೋಮಾರಿ ಇಷ್ಟು ಸರಿಯಾಗಿ ತಡ ಮಾಡುದಿಲ್ಲ. ಎಂತದೋ ಲೆಕ್ಕ ಉಂಟು.”

ಆ ಲೆಕ್ಕ ಅವರಿಗೆ ಸಿಕ್ಕಿದ್ದು ತಮ್ಮ ಕಟ್ಟಡದ ತಾರಸಿಯಲ್ಲಿ. ಮೇಲಿನ ಒಮಾನಿ ಮನೆಯಲ್ಲಿ ಕೆಲಸಕ್ಕಿದ್ದ ಅಲ್ಮಾಜ್ ಎಂಬ ಹೆಂಗಸು ಅಡಿಸ್ ಅಬಾಬಾದವಳು. ಬಟ್ಟೆ ಒಣಹಾಕುವಾಗ ಇಬ್ಬರಿಗೂ ಹರಕು ಅರಬ್ಬಿಯಲ್ಲಿ ಮಾತು. ವಿಷಯ ಕೇಳಿ ಅಲ್ಮಾಜ್ ಬಿದ್ದು ಬಿದ್ದು ನಕ್ಕಳಂತೆ. ಅವರ ಊರಲ್ಲಿ ಸೂರ್ಯ ಹುಟ್ಟಿದ ಮೇಲೆ ಗಂಟೆಯ ಎಣಿಕೆ ಶುರು. ನಮ್ಮ ಬೆಳಗಿನ ಏಳು ಅವರಿಗೆ ಒಂದು. ನಮ್ಮ ಮಧ್ಯಾಹ್ನದ ಎರಡು ಅವರಿಗೆ ಎಂಟು. ಡ್ರೈವರ್ ಹೇಳಿದ ಹೊತ್ತಿಗೇ ಬಂದಿದ್ದ.

ಮರುದಿನ ವಸಂತಕ್ಕ ನನ್ನನ್ನು ಕರೆದರು. “ನಮ್ಮ ಪಂಚಾಂಗದಲ್ಲೂ ಸೂರ್ಯೋದಯದಿಂದಲೇ ಗಳಿಗೆ ಎಣಿಸುದಲ್ವಾ? ನಾವು ಮರೆತೆವು, ಅವರು ಮರೀಲಿಲ್ಲ, ಅಷ್ಟೆ.” ಹೇಳುತ್ತಲೇ ಫೋನ್ ತಿರುಗಿಸಿ ರಿಸೀವರ್ ನನ್ನ ಕೈಗಿಟ್ಟರು. ಆ ಕಡೆ ಅದೇ ಡ್ರೈವರ್. “ಬೈದದ್ದು ನೀವು. ಸಾರಿ ಹೇಳುದೂ ನೀವೇ.” ಹೇಳಿದೆ. ಅವನು ನಕ್ಕ. ಮುಂದೆ ಅಲ್ಲಿಗೆ ಹೋದಾಗಲೆಲ್ಲ ಅವನೇ ನನ್ನ ಡ್ರೈವರ್.

ಅಂದಿನಿಂದ ಬೆಳೆಯಿತು ವಸಂತಕ್ಕನ ಮಾಹಿತಿ ಪತ್ರ. ಮೊದಲು ಒಂದು ಹಾಳೆ, ಆಮೇಲೆ ನಾಲ್ಕು. ಕನ್ನಡದಲ್ಲಿ ಬರೆದು, ಆಮೇಲೆ ಬೇರೆಯವರಿಗಾಗಿ ಇಂಗ್ಲಿಷಿಗೆ ಇಳಿಸುತ್ತಿದ್ದರು. ಅದರ ಕೆಲವು ಸಾಲು ನನಗೆ ಈಗಲೂ ಬಾಯಿಪಾಠ. ‘ಊರು ಎತ್ತರದಲ್ಲಿದೆ. ಮೊದಲ ದಿನ ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಹೆಂಡತಿಗೆ ಫೋನ್ ಮಾಡಿ ಹೆದರಿಸಬೇಡಿ, ನಿಧಾನ ಹತ್ತಿ.’ ‘ಮಸ್ಕತ್ ಉರಿಯುವ ಜುಲೈಯಲ್ಲಿ ಅಲ್ಲಿ ಮಳೆ, ಚಳಿ. ಸ್ವೆಟರ್ ಇಲ್ಲದೆ ಹೋಗಿ ನನಗೆ ಶಾಪ ಹಾಕಬೇಡಿ.’ ‘ಬುಧವಾರ, ಶುಕ್ರವಾರ ಅವರ ಉಪವಾಸ, ಮಾಂಸವಿಲ್ಲದ ಊಟ ಎಲ್ಲ ಕಡೆ ಸಿಗುತ್ತದೆ. ಇಂಜೆರಾ ದೋಸೆಯ ಹಾಗಿರುತ್ತದೆ. ಅದು ಹಳಸಿದ್ದಲ್ಲ, ಹುಳಿಯೇ ಅದರ ರುಚಿ. ಮುಖ ಕಿವುಚಬೇಡಿ.’ ‘ಮನೆಗೆ ಕರೆದು ಕಾಫಿ ಕೊಟ್ಟರೆ ಮೂರು ಸುತ್ತು. ಮೊದಲ ಸುತ್ತಿಗೇ ಎದ್ದು ಬರುವವರು ಹೋಗುವುದೇ ಬೇಡ.’ ಹಳದಿ ಜ್ವರದ ಚುಚ್ಚುಮದ್ದಿನ ಪುಸ್ತಕವನ್ನು ಮಾತ್ರ ಬಾಯಲ್ಲಿ ಹೇಳಿ ಬಿಡದೆ, ಎದುರೇ ಪಾಸ್‌ಪೋರ್ಟಿಗೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿಸುತ್ತಿದ್ದರು.

ಹಾಳೆಯ ಕೊನೆಯಲ್ಲಿ ಒಂದು ಸಾಲು: ‘ಮಾಹಿತಿ ಕೊಟ್ಟವರು: ಅಲ್ಮಾಜ್, ಅಡಿಸ್ ಅಬಾಬಾ.’

ಹೊಸದಾಗಿ ಬಂದ ಮ್ಯಾನೇಜರ್‌ಗೆ ಪತ್ರ ಹಿಡಿಸಿತು, ಆ ಸಾಲು ಹಿಡಿಸಲಿಲ್ಲ. ಕಂಪನಿಯ ಹೆಸರಲ್ಲಿ ಅಚ್ಚು ಹಾಕಿಸಿ ಗ್ರಾಹಕರಿಗೂ ಕೊಡೋಣ, ಆದರೆ ಮನೆಕೆಲಸದವಳೊಬ್ಬಳ ಹೆಸರು ಅದರಲ್ಲೇಕೆ ಎಂದರು.

“ಹೆಸರು ತೆಗೆಯುದಾದ್ರೆ ಮಾಹಿತಿಯನ್ನೂ ತೆಗೀರಿ ಸರ್. ಅದು ಅವಳದ್ದು,” ಎಂದರು ವಸಂತಕ್ಕ.

“ನಿಮ್ಮ ಕೆಲಸ ಟಿಕೆಟ್ ಮಾಡುವುದು. ಅಷ್ಟು ಮಾಡಿ.”

ನಾನು ಪಕ್ಕದಲ್ಲೇ ಇದ್ದೆ. ಆ ವರ್ಷ ಅನೇಕರ ವೀಸಾ ನವೀಕರಣವಾಗದೆ ಕೆಲಸ ಖಲಾಸ್ ಆಗಿತ್ತು. ಎದುರು ಮಾತಾಡುವ ಕಾಲವಲ್ಲ. ವಸಂತಕ್ಕ ಹೆಸರು ಮಾತ್ರ ತೆಗೆಯಲಿಲ್ಲ. ಮೇಲಿನ ಮನೆಯ ಒಮಾನಿ ಒಡತಿಯ ಬಳಿ ಹೋಗಿ ಒಂದು ತಾಸಿಗೆ ಅಲ್ಮಾಜ್‌ಳನ್ನು ಕಳಿಸುವಂತೆ ಕೇಳಿದರು. ಆ ಒಡತಿ ತಾನೇ ಅವಳನ್ನು ಕಾರಿನಲ್ಲಿ ಆಫೀಸಿಗೆ ಕರೆತಂದು ಬಿಟ್ಟಳು.

ಅಂದು ಅಡಿಸ್‌ಗೆ ಹೊರಟಿದ್ದ ನಾವು ನಾಲ್ವರು ಮೀಟಿಂಗ್ ರೂಮಿನಲ್ಲಿ ಕೂತಿದ್ದೆವು. ಬಿಳಿ ಶಾಲು ಹೊದ್ದ ಅಲ್ಮಾಜ್ ಮೊದಲು ಕುರ್ಚಿಯ ತುದಿಯಲ್ಲಿ ಕೂತಳು. “ನೀನು ಮೇಷ್ಟ್ರು. ಸರಿಯಾಗಿ ಕೂತ್ಕೋ,” ಎಂದು ವಸಂತಕ್ಕ ಕೈಸನ್ನೆ ಮಾಡಿದರು. ಅವಳು ಬೋರ್ಡಿನ ಮೇಲೆ ಊರಿನ ರಸ್ತೆಗಳನ್ನು ಬರೆದಳು. ನಮ್ಮ ಹೋಟೆಲಿನಿಂದ ಆಸ್ಪತ್ರೆಗೆ ಬೆಳಿಗ್ಗೆ ಯಾವ ದಾರಿ ಬೇಡ, ರೈಲು ಹಿಡಿಯುವುದಾದರೆ ಎಲ್ಲಿ, ಮಾರುಕಟ್ಟೆಯಲ್ಲಿ ಚೀಲವನ್ನು ಯಾವ ಕಡೆ ಹಿಡಿಯಬೇಕು, ಎಲ್ಲ ಅದೇ ಹರಕು ಅರಬ್ಬಿಯಲ್ಲಿ ಹೇಳಿದಳು. ‘ಅಮೆಸೆಗಿನಾಲೆಹು’ ಎಂಬ ಅವರ ಧನ್ಯವಾದವನ್ನು ನನ್ನಿಂದ ಐದು ಸಲ ಹೇಳಿಸಿದಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮ್ಯಾನೇಜರ್ ಯಾವಾಗ ಒಳಗೆ ಬಂದು ಕುರ್ಚಿ ಎಳೆದುಕೊಂಡರೋ ಗೊತ್ತಾಗಲಿಲ್ಲ. ಕೊನೆಗೆ, ಖಾರ ತಿನ್ನಲಾಗದವರು ಅಲ್ಲಿ ಏನು ತಿನ್ನಬೇಕು ಎಂದು ಅವರೇ ಕೇಳಿದರು. ಪತ್ರ ಅಚ್ಚಾಗಿ ಬಂದಾಗ ಅಲ್ಮಾಜ್ ಹೆಸರು ಇತ್ತು, ದಪ್ಪ ಅಕ್ಷರದಲ್ಲಿ. ಅಂದು ವಸಂತಕ್ಕ ಇಡೀ ವರ್ಕ್‌ಶಾಪಿಗೆ ಚಹಾ ಹೇಳಿದರು. ಯಾಕೆಂದು ನಮಗೆಲ್ಲ ಗೊತ್ತಿತ್ತು.

ಕರಾರು ಮುಗಿದು ಅಲ್ಮಾಜ್ ಊರಿಗೆ ಹೋದಳು. ಕೆಲವು ವರ್ಷಗಳ ನಂತರ ವಸಂತಕ್ಕನೂ ಕೆಲಸ ಬಿಟ್ಟರು. ಅವರ ಯಜಮಾನರು ಮೊದಲೇ ಮೂಲ್ಕಿ ಸೇರಿದ್ದರು. ಕೊನೆಯ ದಿನ ವಿಮಾನ ನಿಲ್ದಾಣಕ್ಕೆ ಬಿಡಲು ಹೋದವನು ನಾನು. ಅವರ ಟಿಕೆಟ್ ನೋಡಿ ಬೆರಗಾದೆ.

“ಮಂಗಳೂರಿಗೆ ಸೀದಾ ವಿಮಾನ ಐತಿ. ಆಫ್ರಿಕಾ ಸುತ್ತಿ ಯಾರರ ಊರಿಗೆ ಹೋಗ್ತಾರೇನ್ರೀ ಅಕ್ಕಾರ?”

“ಐದು ದಿನ ಅಲ್ಮಾಜ್ ಮನೆಯಲ್ಲಿ ಇದ್ದು ಹೋಗುದು. ಅವಳ ಅಮ್ಮ ಬರ್ಲೇಬೇಕು ಅಂದಿದ್ದಾರೆ.”

ಗಾಜಿನ ಬಾಗಿಲಾಚೆ ಅವರು ಬೆನ್ನು ನೆಟ್ಟಗಿಟ್ಟು ನಡೆದು ಹೋದರು. ಮತ್ತೆ ನಾನವರನ್ನು ಕಂಡಿಲ್ಲ. ಆದರೆ ಮರುದಿನ ಅಡಿಸ್‌ನಿಂದ ಅವರ ಫೋನ್ ಬಂತು. ಮೊದಲ ಸಲ ಅವರ ದನಿ ಏರಿದ್ದನ್ನು ಕೇಳಿದೆ.

“ಪಾಟೀಲ್ರೆ, ಟ್ಯಾಕ್ಸಿಯವನಿಗೆ ಅಲ್ಮಾಜ್ ಮನೆ ದಾರಿ ನಾನೇ ತೋರಿಸಿದ್ದು ಗೊತ್ತುಂಟಾ? ಇಳಿಯುವಾಗ ಅವ ಕೇಳಿದ, ಅಮ್ಮಾ, ನಮ್ಮ ಊರಲ್ಲಿ ಎಷ್ಟು ವರ್ಷ ಇದ್ರಿ ಅಂತ.”

“ನೀವು ಏನಂದ್ರಿ?”

“ಹನ್ನೊಂದು ವರ್ಷ ಅಂದೆ. ಅಷ್ಟು ವರ್ಷ ನಿಮ್ಮನ್ನೆಲ್ಲ ಕೈಹಿಡಿದು ಈ ಊರಲ್ಲಿ ನಡೆಸಿದ್ದೇನೆ, ಸುಳ್ಳು ಎಂತದು ಮಾರಾಯ್ರೆ?”