ಎರಡನೇ ಸದ್ದಿಗೆ ಕಾಯುವ ಗಾಳಿಯಕ್ಕ

ಬೆಳಗಿನ ಐದೂ ನಲವತ್ತು. ಪಾರ್ಸೆಲ್ ಕಂಪನಿಯ ಕಬ್ಬಿಣದ ಗೇಟಿನೆದುರು ಬೀದಿದೀಪ ಇನ್ನೂ ಆರಿಲ್ಲ. ಫುಟ್‌ಪಾತಿನಲ್ಲಿ ಗೋಣಿಚೀಲ ಹಾಸಿ ಕೂತ ಐವತ್ತೆರಡರ ಹೆಂಗಸೊಬ್ಬರು ಸೈಕಲ್ ಚಕ್ರವನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು, ಹೊಸ ಟೈರಿನ ಅಂಚಿಗೆ ಸೋಪಿನ ನೊರೆ ಸವರುತ್ತಿದ್ದಾರೆ. ಅಂಚು ರಿಮ್ಮಿಗೆ ಒತ್ತಲೆಂದು ಟೈರಿನ ಸುತ್ತ ಉದ್ದನೆಯ ಬಟ್ಟೆಪಟ್ಟಿ ಬಿಗಿದು, ಮೊಳದುದ್ದದ ಕೈಪಂಪು ಹಿಡಿಯುತ್ತಾರೆ. ಸವಾರರು ಇವರಿಗಿಟ್ಟ ಹೆಸರು ಗಾಳಿಯಕ್ಕ.

ಪಕ್ಕದಲ್ಲಿ ಚಡಪಡಿಸುತ್ತಿರುವವಳು ಆ ಸೈಕಲ್ಲಿನ ಸವಾರಳು, ಪಾರ್ಸೆಲ್ ಹಂಚುವ ಯುವತಿ. ಆರಕ್ಕೆ ಗೇಟು ಮುಚ್ಚುತ್ತದೆ. ಹೊರಗುಳಿದವರಿಗೆ ಆ ದಿನ ಕೆಲಸವಿಲ್ಲ. ಈ ತಿಂಗಳಲ್ಲಿ ಅವಳು ಎರಡು ಸಲ ಹೊರಗುಳಿದಿದ್ದಾಳೆ. ಮೂರನೆಯದಾದರೆ ಹೆಸರೇ ಪಟ್ಟಿಯಿಂದ ಹೋಗುತ್ತದೆ.

ಗೇಟಿನೊಳಗೆ, ಕಣ್ಣಳತೆಯಲ್ಲೇ, ಗಾಳಿ ತುಂಬುವ ದೊಡ್ಡ ಯಂತ್ರವಿದೆ. ಅದಕ್ಕೆ ಬೀಗ. ಕಂಪನಿಯ ವ್ಯಾನುಗಳಿಗೆ ಮಾತ್ರ, ಅದೂ ಒಂಬತ್ತರ ಮೇಲೆ. ಸೈಕಲ್ಲು ಕಂಪನಿಯದು, ಲಾಭವೂ ಕಂಪನಿಯದು, ಟೈರು ಸವೆದರೆ ಮಾತ್ರ ಸವಾರರದು!

ಹತ್ತೊಂಬತ್ತು ವರ್ಷ ಟ್ಯೂಬಿಗೆ ತೇಪೆ ಹಾಕಿದ ಕೈ ಇದು. ಮೂರು ವರ್ಷದ ಕೆಳಗೆ ಕಂಪನಿ ಟ್ಯೂಬಿಲ್ಲದ ಟೈರು ತಂದಿತು. ಆ ದಿನದ ಬಗ್ಗೆ ಕೇಳಿದರೆ ಅಕ್ಕ ನನಗೆ ಹೇಳುತ್ತಾರೆ: "ಎದೆ ಧಸಕ್ ಅಂತು. ತೇಪೆ ಡಬ್ಬಿ ತಗೊಂಡ್ಹೋಗಿ ಮನೇಲಿ ನಮ್ಮ ಯಜಮಾನರ ಮುಂದೆ ಇಟ್ಟೆ. ‘ಇನ್ಮೇಲೆ ಸೂಜಿ ದಾರ ಇಟ್ಕೋ ಇದ್ರಲ್ಲಿ’ ಅಂದ್ರು ಮಹಾನುಭಾವರು!"

ಟ್ಯೂಬಿಲ್ಲದ ಟೈರಿನ ಎರಡೂ ಅಂಚು ರಿಮ್ಮಿಗೆ ಕಚ್ಚಿಕೊಳ್ಳಬೇಕು. ಇಲ್ಲದಿದ್ದರೆ ತುಂಬಿದ ಗಾಳಿ ತುಂಬಿದಷ್ಟೇ ಬೇಗ ಸೋರುತ್ತದೆ. ಯಂತ್ರ ಒಂದೇ ಏಟಿಗೆ ಮಾಡುವುದನ್ನು ಕೈಪಂಪಿನಿಂದ ಮಾಡಲು ಅಕ್ಕ ಒಂದೂವರೆ ತಿಂಗಳು ಒದ್ದಾಡಿದರು. "ವಾಲ್ವಿನೊಳಗೆ ಸಣ್ಣ ಪಿನ್ ಇರುತ್ತಲ್ಲ, ಅದನ್ನ ಬಿಟ್ಕೊಂಡೇ ಪಂಪ್ ಹೊಡೀತಿದ್ದೆ, ದಡ್ಡಿ. ಅದನ್ನ ತೆಗೆದ್ರೆ ಗಾಳಿ ನುಗ್ಗುತ್ತೆ. ಅಂಚು ಕೂತಾಗ ಟಪ್ ಅನ್ನುತ್ತೆ. ಎರಡು ಅಂಚು, ಎರಡು ಟಪ್." ಆಮೇಲೆ ಪಿನ್ನು ಹಾಕಿ ಮತ್ತೆ ಗಾಳಿ ತುಂಬಬೇಕು. ಈಗ ದಿನಕ್ಕೆ ಹನ್ನೆರಡು ಚಕ್ರ, ಒಂದೊಂದಕ್ಕೆ ಮುನ್ನೂರು ಸಲ ಪಂಪು. ಬಲ ಅಂಗೈ ಜಡ್ಡುಗಟ್ಟಿ ಮರದಂತಾಗಿದೆ.

ಪಂಪು ಏದುಸಿರು ಬಿಡುತ್ತದೆ. ಟಪ್! ಐದೂ ಐವತ್ತನಾಲ್ಕು.

"ಆಯ್ತಲ್ಲಕ್ಕ, ಕೊಡು, ಓಡ್ತೀನಿ."

"ಒಂದೇ ಕಣೇ ಆಗಿದ್ದು."

"ಸಾಕು ಬಿಡಕ್ಕ, ಸಂಜೆ ನೋಡ್ಕೊಳ್ಳೋಣ. ನಿನಗೆ ಕೈ ಮುಗೀತೀನಿ."

ಅಕ್ಕ ಚಕ್ರ ಬಿಡುವುದಿಲ್ಲ. ಈ ಟೈರು ಬಂದ ಮೊದಲ ವರ್ಷ ಹೀಗೇ ಒಬ್ಬ ಸವಾರ ಅವಸರ ಮಾಡಿದ್ದ. ಒಂದು ಸದ್ದಿಗೇ ಅಕ್ಕ ಚಕ್ರ ಕೊಟ್ಟರು. ತಿರುವಿನಲ್ಲಿ ಟೈರು ಕಳಚಿ, ಅವನ ಹೆಗಲ ಮೂಳೆ ಮುರಿಯಿತು. "ಅವ್ನು ಬೈಲಿಲ್ಲ. ಅದೇ ಇನ್ನೂ ಚುಚ್ಚುತ್ತೆ," ಎನ್ನುತ್ತಾ ಅಕ್ಕ ಗಾಳಿ ಬಿಟ್ಟು, ಕೂರದ ಅಂಚಿಗೆ ಮತ್ತೆ ನೊರೆ ಹಚ್ಚುತ್ತಾರೆ.

ಆರು ಗಂಟೆ. ವಾಚ್‌ಮನ್ ಗೇಟಿಗೆ ಕೈ ಹಾಕುತ್ತಾರೆ. ಅಷ್ಟರಲ್ಲಿ ಹೆಗಲು ಮುರಿದುಕೊಂಡಿದ್ದ ಅದೇ ಸವಾರ ತನ್ನ ಸೈಕಲ್ಲನ್ನು ಗೇಟು ಸರಿಯುವ ಹಳಿಯ ಮೇಲೆ ಅಡ್ಡ ನಿಲ್ಲಿಸುತ್ತಾನೆ. ಹಿಂದೆಯೇ ಇನ್ನೊಂದು, ಮತ್ತೊಂದು. ಏಳು ಸೈಕಲ್ಲು.

"ಏನ್ರಪ್ಪಾ ಇದು? ನನ್ನ ಕೆಲಸಕ್ಕೆ ಕಲ್ಲು ಹಾಕ್ತೀರಾ?"

"ನೀವು ತಳ್ಳಿ ಮಾವ, ನಾವೇನ್ ಬೇಡ ಅಂದ್ವಾ? ಗೇಟೇ ಬರ್ತಿಲ್ಲ."

ವಾಚ್‌ಮನ್ ಸುಮ್ಮನೆ ತಳ್ಳಿದಂತೆ ಮಾಡುತ್ತಾರೆ, ಮೀಸೆಯಡಿ ನಗು ತಡೆದುಕೊಂಡು. ಘೋಷಣೆಯಿಲ್ಲ, ಬಾವುಟವಿಲ್ಲ. ಆದರೂ ಆ ಆರು ಗಂಟೆಯ ದೌರ್ಜನ್ಯ ಇವತ್ತು ಏಳು ಸೈಕಲ್ಲುಗಳೆದುರು ನಿಂತುಹೋಗಿದೆ.

ಟಪ್!

ಅಕ್ಕ ಚಕ್ರವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಅಂಚಿನ ಗೆರೆ ಎಲ್ಲೂ ರಿಮ್ಮಿನೊಳಗೆ ಮುಳುಗಿಲ್ಲವೆಂದು ಬೆರಳಲ್ಲಿ ಮುಟ್ಟಿ ನೋಡುತ್ತಾರೆ. ಪಿನ್ನು ಹಾಕಿ, ಗಾಳಿ ತುಂಬಿ, ಚಕ್ರ ಸಿಕ್ಕಿಸಿ ಕೊಟ್ಟಾಗ ಆರೂ ಒಂಬತ್ತು. ಯುವತಿ ಒಳಗೆ. ಹಿಂದೆಯೇ ಏಳು ಸೈಕಲ್ಲೂ ಒಳಗೆ. ಎಂಟು ಹೆಸರೂ ಪಟ್ಟಿಯಲ್ಲೇ ಉಳಿಯುತ್ತವೆ. ಅಷ್ಟು ಜನರನ್ನು ಒಟ್ಟಿಗೆ ಕಳೆದುಕೊಂಡರೆ ಪಾರ್ಸೆಲ್ಲು ಹೊರುವವರು ಯಾರು?

ನಿಮಗೊಂದು ದೊಡ್ಡ ಯಂತ್ರ ಬೇಡವೇ ಎಂದು ಕೇಳುತ್ತೇನೆ. ಅಕ್ಕ ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಅದೆಲ್ಲ ಯಾಕೆ ಸ್ವಾಮಿ? ಎರಡನೇ ಸದ್ದು ಬರೋವರೆಗೂ ಗೇಟು ತೆಗೆದಿರ್ಲಿ, ಸಾಕು. ಸದ್ದು ಬರಿಸೋದು ನನಗ್ಗೊತ್ತು."