ಬೆಳ್ಳಟ್ಟಿಯಲ್ಲಿ ಅಗ್ನೇಸಳ ಒಂದು ವರ್ಷ

ಗದಗ ರೈಲು ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಇನ್ನಾಸಪ್ಪನಿಗೆ ಅಗ್ನೇಸ ಒಬ್ಬಳೇ ಮಗಳು. ಹೆಂಡತಿ ತೀರಿಕೊಂಡ ಮೇಲೆ ಮನೆ ನಡೆಸಿದವಳೂ ಅವಳೇ. ೧೯೭೭ರಲ್ಲಿ, ಹುಬ್ಬಳ್ಳಿಯವರು ಹೆಣ್ಣು ನೋಡಿ ಒಪ್ಪಿ ಹೋದ ಸಂಜೆ, ಚಹದ ಬಸಿ ತೊಳೆಯುತ್ತ ಹೇಳಿದಳು: “ಅಪ್ಪಾ, ನನಗ ಮದುವಿ ಬ್ಯಾಡ, ನಾ ಸಿಸ್ಟರ್ ಆಗಬೇಕಂತ ಮಾಡೀನಿ.”

ಇನ್ನಾಸಪ್ಪ ಚರ್ಚಿನ ಭಾನುವಾರದ ಪೂಜೆ ಎಂದೂ ತಪ್ಪಿಸಿದವನಲ್ಲ. ಆದರೂ ಅವನಿಗೆ ಸಿಟ್ಟು ಬಂತು. “ದೇವರಿಗೆ ಬ್ಯಾರೆಯವರ ಮಗಳು ಸಿಗಲಿಲ್ಲೇನು?” ಎಂದ. ಮಗಳು ಜಗಳಾಡಲಿಲ್ಲ, ಮಾತನ್ನೂ ಬದಲಿಸಲಿಲ್ಲ. ಕೊನೆಗೆ ಅವನೇ ಸೋತ. “ಒಂದು ವರ್ಷ ಇದ್ದು ನೋಡು. ಆಗಲಿಲ್ಲಂದ್ರ ನಾಚಿಕಿ ಬಿಟ್ಟು ಹೊಳ್ಳಿ ಬಾ.”

ಬೆಳ್ಳಟ್ಟಿಯಲ್ಲಿ ಕನ್ಯಾಸ್ತ್ರೀಯರಾದ ಇಬ್ಬರು ಸಿಸ್ಟರುಗಳು ಬಾಡಿಗೆ ಮನೆಯೊಂದರಲ್ಲಿ ಸಣ್ಣ ದವಾಖಾನೆ ನಡೆಸುತ್ತಿದ್ದರು. ಅಗ್ನೇಸ ಅಲ್ಲಿಗೆ ಹೋದಳು. ಕೆಲಸದಿಂದ ಅವಳು ಎಂದೂ ದಣಿಯಲಿಲ್ಲ, ಕಷ್ಟವಾದದ್ದು ಪ್ರಾರ್ಥನೆ. ಹಿರಿಯರಾದ ಸಿಸ್ಟರ್ ಲಿಯೊನಿಲಾ ಮಂಗಳೂರಿನವರು. ಅವರ ಮುಂದೆ ಒಂದು ದಿನ ಒಪ್ಪಿಕೊಂಡಳು: “ಕಣ್ಣು ಮುಚ್ಚಿದರ ದೇವರು ಬರೂದಿಲ್ರಿ, ನಿದ್ದಿ ಬರ್ತೈತಿ.”

“ಹಾಗಾದರೆ ನಿಂತು ಪ್ರಾರ್ಥಿಸು,” ಎಂದರು ಅವರು. ಅಂದಿನಿಂದ ಉಳಿದವರು ಮೊಣಕಾಲೂರಿದಾಗ ಅವಳು ಗೋಡೆಗೆ ಒರಗದೆ ನಿಲ್ಲುತ್ತಿದ್ದಳು.

ಊರಿನಲ್ಲಿ ಅವರ ಬಗ್ಗೆ ಸಂಶಯವಿತ್ತು. “ಗುಳಿಗಿ ಕೊಟ್ಟು ಜಾತಿ ಕೆಡಸ್ತಾರ, ಹುಷಾರ್,” ಎಂದು ರೈತ ಮರ್ದಾನಸಾಬ ತನ್ನ ಓಣಿಯವರಿಗೆಲ್ಲ ಹೇಳಿಟ್ಟಿದ್ದ. ಆ ಓಣಿಯಲ್ಲಿ ಬಾಗಿಲು ತೆರೆದವಳು ದಾವಲಬಿ ಒಬ್ಬಳೇ. ಮಕ್ಕಳಿಲ್ಲದ ವಿಧವೆ, ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು. ಅಗ್ನೇಸ ದಿನಾ ಹೋಗಿ ಬೆನ್ನಿನ ಹುಣ್ಣು ತೊಳೆದು, ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನಿಸಿ, ತಲೆ ಬಾಚುತ್ತಿದ್ದಳು. “ಮೆಲ್ಲಕ ಬಾಚ ಹುಡುಗಿ, ಇದು ಶೇಂಗಾ ಬಳ್ಳಿ ಅಲ್ಲ!” ಎಂದು ಮುದುಕಿ ಬೈಯುತ್ತಿದ್ದಳು.

ಶೇಂಗಾ ಕೀಳುವ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ದಾವಲಬಿಗೆ ಉಸಿರು ಸಿಕ್ಕಿಕೊಳ್ಳತೊಡಗಿತು. ಓಣಿಯವರೆಲ್ಲ ಹೊಲಕ್ಕೆ ಹೋಗಿದ್ದರು. ಅಗ್ನೇಸಳ ಕೈ ತನ್ನ ಜಪಸರಕ್ಕೆ ಹೋಯಿತು. ಅಷ್ಟರಲ್ಲಿ ಮುದುಕಿ ಅವಳ ಸೆರಗು ಹಿಡಿದಳು. “ಮಗಳ… ಕಲ್ಮಾ ಹೇಳವರ್ನ ಯಾರನ್ನಾರ ಕರಿ.” ಸಾಯುವ ಮುಸಲ್ಮಾನರ ಕಿವಿಗೆ ಬೀಳಬೇಕಾದ ನಂಬಿಕೆಯ ಮಾತು ಅದು.

ಹಿಂದಿನ ಓಣಿಯ ಹಿಂದೂ ಮುದುಕಿಯೊಬ್ಬಳನ್ನು ಕರೆತಂದು ಮಗ್ಗುಲಲ್ಲಿ ಕೂಡಿಸಿ ಅಗ್ನೇಸ ಬರಿಗಾಲಲ್ಲಿ ಓಡಿದಳು. ಎಲ್ಲಕ್ಕಿಂತ ಹತ್ತಿರವಿದ್ದದ್ದು ಮರ್ದಾನಸಾಬನ ಹೊಲ.

“ಜಲ್ದಿ ಬರ್ರಿ! ದಾವಲಬಿ ಆಯಿ ಹೊಂಟಾಳ. ಕಲ್ಮಾ ಕೇಳಬೇಕಂತಾಳ.”

ಅವನು ಅವಳನ್ನೇ ನೋಡಿದ. “ನಿಮ್ಮ ಜಪಾ ನೀನ ಹೇಳಬಹುದಿತ್ತಲ್ಲ?”

“ಆಕಿ ಕೇಳಿದ್ದು ನಿಮ್ಮದನ್ನರಿ.”

ಮರ್ದಾನಸಾಬ ಬುಟ್ಟಿ ಅಲ್ಲೇ ಬಿಟ್ಟು ಹೊರಟ. ಅವನು ತಲೆಯ ಹತ್ತಿರ ಕೂತು ಕಲ್ಮಾ ಹೇಳಿದ. ಅಗ್ನೇಸ ಚಮಚೆಯಿಂದ ಮುದುಕಿಯ ತುಟಿಗೆ ನೀರು ಹನಿಸಿದಳು. ಮಧ್ಯಾಹ್ನದ ಹೊತ್ತಿಗೆ ದಾವಲಬಿ ಕಣ್ಣು ಮುಚ್ಚಿದಳು. ಹೆಂಗಸರು ಹೊಲದಿಂದ ಬಂದು ಹೆಣಕ್ಕೆ ಸ್ನಾನ ಮಾಡಿಸುವಾಗ ಅಗ್ನೇಸ ಬಾವಿಯಿಂದ ನೀರು ಹೊತ್ತು ತಂದು ಬಾಗಿಲಲ್ಲಿ ಇಡುತ್ತಿದ್ದಳು. ಅವಳಿಗೆ ಬೇಡ ಎಂದವರಿಲ್ಲ. ಮರುವಾರ ಮರ್ದಾನಸಾಬನ ಹೆಂಡತಿ ರಸೂಲಬಿ ಕೆಮ್ಮುವ ಮೊಮ್ಮಗನನ್ನು ಎತ್ತಿಕೊಂಡು ದವಾಖಾನೆಗೆ ಬಂದಳು.

ವರ್ಷ ತುಂಬಿದಾಗ ಇನ್ನಾಸಪ್ಪ ಬಸ್ಸಿಳಿದು ಬಂದ. “ಏನವ್ವಾ, ಏನಂತ ಮಾಡ್ದಿ?”

“ಪ್ರಾರ್ಥನಿ ಇನ್ನೂ ನೆಟ್ಟಗ ಬರೂದಿಲ್ಲಪ್ಪ,” ಎಂದಳು ಅಗ್ನೇಸ. “ಖರೆ, ಆ ಮುದುಕಿ ಮಗ್ಗಲದಾಗ ಕುಂತಾಗ, ಬ್ಯಾರೆ ಎಲ್ಲೆರೆ ಇರಬೇಕಿತ್ತು ಅಂತ ಒಮ್ಮೆನೂ ಅನಸಲಿಲ್ಲ.”

ತಂದೆ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಆತು,” ಎಂದ.

೧೯೮೧ರಲ್ಲಿ ಅಗ್ನೇಸ ಸಿಸ್ಟರ್ ಆಗುವ ಮೊದಲ ವ್ರತ ತೊಟ್ಟಳು. ಹಿರಿಯ ಸಿಸ್ಟರುಗಳು ಅವಳನ್ನು ಲಕ್ಷ್ಮೇಶ್ವರಕ್ಕೆ ಕಳಿಸಿದರು. ಸುತ್ತಲ ಹಳ್ಳಿಗಳಿಗೆ ಔಷಧ ಒಯ್ಯಲು ಸೈಕಲ್ ಕಲಿಯಲೇಬೇಕಾಯಿತು. ಮೊದಲ ದಿನವೇ ಅಡರಕಟ್ಟಿ ದಾರಿಯಲ್ಲಿ ಜೋಳದ ಹೊಲಕ್ಕೆ ನುಗ್ಗಿ ಬಿದ್ದಳು. ಎತ್ತಲು ಓಡಿಬಂದವರು ನೋಡಿದರೆ ಬಿಳಿ ಸೀರೆಯೆಲ್ಲ ಕೆಸರು. ಔಷಧದ ಚೀಲವನ್ನು ಮಾತ್ರ ಎರಡೂ ಕೈಯಿಂದ ಮೇಲೆತ್ತಿ ಹಿಡಿದಿದ್ದಳು.